ತೂಗಿದ ಹಿಟ್ಟು

ಕಳೆದ ತಿಂಗಳು ರಾಯಚೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಹೋಗಿದ್ದೆ. ಪೋಷಣಶಾಸ್ತ್ರ ಓದಿದವರಿಗೆ ಮುಂದೆ ಯಾವ ಯಾವ ಕೆಲಸ ಸಿಗುತ್ತದೆ ಎಂದು ವಿದ್ಯಾರ್ಥಿನಿಯರಿಗೆ ಹೇಳಬೇಕಿತ್ತು. ಅದೇ ವಿಷಯದಲ್ಲಿ ಎಂ.ಎಸ್ಸಿ. ಮಾಡಿ, ಕೆಲವು ವರ್ಷ ಅದೇ ಕೆಲಸದಲ್ಲಿದ್ದು, ಆಮೇಲೆ ಪತ್ರಿಕೆ ಸೇರಿ ಅಲ್ಲೇ ನಿವೃತ್ತಳಾದವಳು ಎಂದು ನನ್ನನ್ನು ಕರೆದಿದ್ದರು. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಕೆಲಸ, ಕಾಲೇಜಿನಲ್ಲಿ ಪಾಠ, ಬಿಸ್ಕತ್ತಿನ ಕಾರ್ಖಾನೆ, ಸರ್ಕಾರದ ಯೋಜನೆಗಳು ಎಂದು ಒಂದೊಂದಾಗಿ ಹೇಳುತ್ತಾ ಬಂದೆ. ಅಷ್ಟರಲ್ಲಿ ಪಕ್ಕದ ಪ್ರಯೋಗಾಲಯದಲ್ಲಿ ಯಾರೋ ಜೋಳದ ಹಿಟ್ಟು ಹುರಿಯತೊಡಗಿದರು. ವಾಸನೆ ಕಿಟಕಿಯಿಂದ ಬಂತು. ನಾನು ಮಾತು ನಿಲ್ಲಿಸಿದೆ. ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಂಡು ಮುಂದಿನ ಸಾಲಿನ ಹುಡುಗಿಯೊಬ್ಬಳು ನೀರು ತಂದುಕೊಟ್ಟಳು. ಕುಡಿದು, ಉಳಿದ ಪಟ್ಟಿ ಓದಿ, ಇಳಿದು ಬಂದೆ.

ಅಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದ ವಿಷಯ. ನಾನು ಕಣ್ಣಾರೆ ಕಂಡದ್ದನ್ನು ಕಂಡೆ ಎಂದು, ಇನ್ನೊಬ್ಬರಿಂದ ಕೇಳಿದ್ದನ್ನು ಕೇಳಿದೆ ಎಂದು ಬರೆಯುತ್ತೇನೆ. ಆ ಮಳೆಗಾಲದಲ್ಲಿ ನನಗೆ ಈ ಎರಡರ ವ್ಯತ್ಯಾಸ ತಿಳಿದಿರಲಿಲ್ಲ.

ನಮ್ಮ ತಂದೆ ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಗುಮಾಸ್ತರು. ಬಿ.ಎಸ್ಸಿ. ಮುಗಿಸಿ ಧಾರವಾಡಕ್ಕೆ ಪೋಷಣಶಾಸ್ತ್ರ ಓದಲು ಹೊರಟಾಗ ಎದುರು ಮನೆಯ ಹೆಂಗಸು, ನಮಗೆಲ್ಲ ಕಾಕು, ನಮ್ಮ ಅಂಗಳದಲ್ಲಿ ನಿಂತು ಕೇಳಿದ್ದರು: “ಅಡಗಿ ಕಲಿಯಾಕ ಧಾರವಾಡ ಯಾಕ್ರಿ? ನಮ್ಮನೀಗಿ ಕಳಸ್ರಿ, ಪುಕಟ ಕಲಸ್ತೀನಿ. ಮ್ಯಾಲ ಭಾಂಡೇ ತಿಕ್ಕೂದೂ ಕಲಸ್ತೀನಿ.”

ತಂದೆ ನಗಲಿಲ್ಲ. “ಆಕಿ ಅಡಗಿ ಕಲಿಯಾಕ ಹೊಂಟಿಲ್ರಿ. ಉಂಡಿದ್ದು ಮೈಯಾಗ ಏನಾಗ್ತದ ಅಂತ ಕಲಿಯಾಕ ಹೊಂಟಾಳ,” ಎಂದರು. ಅವರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ನೌಕರಿ ಸಿಗುತ್ತದೆ ಎಂದು ಯಾರೋ ಹೇಳಿದ್ದರು, ಅಷ್ಟೇ.

ಎರಡನೆಯ ವರ್ಷ ಪ್ರಬಂಧ ಬರೆಯಬೇಕು. ನಾನು ರಾಯಚೂರಿನವಳಾದ್ದರಿಂದ ನನ್ನ ಮಾರ್ಗದರ್ಶಕಿ ಮೇಡಂ ದೇವದುರ್ಗ ಕಡೆಯ ಕೂಲಿ ಕುಟುಂಬಗಳ ಊಟದ ಅಧ್ಯಯನ ಕೊಟ್ಟರು. ಅದೇ ಹೊತ್ತಿಗೆ ರಾಯಚೂರಿನ ಒಂದು ಯೋಜನಾ ಕಚೇರಿಗೂ ಅಂಥ ಅಂಕಿಗಳು ಬೇಕಾಗಿದ್ದವು. ಆರು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೊಂದು ಹೊತ್ತು ಊಟ ಕೊಡುವ ಕೇಂದ್ರಗಳನ್ನು ಯಾವ ಕೇರಿಗಳಲ್ಲಿ ತೆರೆಯಬೇಕು ಎಂದು ಅವರು ತೀರ್ಮಾನಿಸಬೇಕಿತ್ತು. ಮೇಡಂ ಮತ್ತು ಅಲ್ಲಿಯ ಅಧಿಕಾರಿ ಮಾತಾಡಿಕೊಂಡರು. ನನ್ನ ಅಂಕಿಗಳು ಇಬ್ಬರಿಗೂ. ಓದು ಮುಗಿದ ಮೇಲೆ ಆ ಕಚೇರಿಯಲ್ಲೇ ನನಗೆ ಪೋಷಣಾಧಿಕಾರಿ ಹುದ್ದೆ ಕೊಡುವ ಮಾತೂ ಆಯಿತು.

ಹೊರಡುವ ಮುಂಚೆ ಮೇಡಂ ಒಂದು ನಿಯಮ ಹೇಳಿದರು. ಯಾಕೆ ಕೇಳುತ್ತಿದ್ದೇನೆ ಎಂದು ಯಾರಿಗೂ ಹೇಳಬಾರದು. ಊಟದ ಕೇಂದ್ರ ಬರಬಹುದು ಎಂಬ ಸುಳಿವು ಸಿಕ್ಕರೆ ಜನ ಇದ್ದದ್ದನ್ನು ಮುಚ್ಚಿಟ್ಟು ಇಲ್ಲವೆನ್ನುತ್ತಾರೆ, ಅಂಕಿ ಕೆಡುತ್ತದೆ. ಪುಸ್ತಕದಲ್ಲೂ ಹಾಗೇ ಇತ್ತು. ನಾನು ಅದನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದು ಅಡಿಗೆರೆ ಎಳೆದೆ.

ದೇವದುರ್ಗದಲ್ಲಿ ಶಾಲೆಯ ಬಾಯಾರೊಬ್ಬರ, ಅಂದರೆ ಶಿಕ್ಷಕಿಯೊಬ್ಬರ, ಮನೆಯಲ್ಲಿ ಒಂದು ಕೋಣೆ ಹಿಡಿದೆ. ಬೆಳಿಗ್ಗೆಯ ಬಸ್ಸಿಗೆ ಮಸರಕಲ್ ಕಡೆ ಹೋಗಿ, ಇಳಿದು, ಎರಿ ಹೊಲದ ದಾರಿಯಲ್ಲಿ ನಡೆಯಬೇಕು. ಜೂನಿನ ಮಿರಗದ ಮಳೆ ಒಂದೆರಡು ಸಲ ಬಿದ್ದು ನಿಂತಿತ್ತು. ಮೋಡ ಇರುತ್ತಿತ್ತು, ಗಾಳಿ ಇರುತ್ತಿತ್ತು, ಮಳೆ ಇರುತ್ತಿರಲಿಲ್ಲ. ಬಿದ್ದ ಅಷ್ಟಕ್ಕೇ ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಿತ್ತು. ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು ರೂಢಿಯಾಯಿತು.

ನಾನು ಹೋದ ಹಲವು ಕೇರಿಗಳಲ್ಲಿ ಒಂದರ ಮಾತು ಇದು, ಅದರ ಹೆಸರು ಬರೆಯುವುದಿಲ್ಲ. ಹದಿನಾಲ್ಕು ಮನೆ. ಗಂಡಸರಲ್ಲಿ ಹೆಚ್ಚಿನವರು ದೂರದ ಕಾಲುವೆ ಕೆಲಸಕ್ಕೆ ಹೋಗಿದ್ದರು. ಹೆಂಗಸರು ಮಾನ್ವಿ ಕಡೆಯಿಂದ ಭತ್ತದ ನಾಟಿಗೆ ಕರೆ ಬರುವುದನ್ನು ಕಾಯುತ್ತಿದ್ದರು. ಅಲ್ಲಿ ಕಾಲುವೆ ನೀರು ಬಿಟ್ಟ ಮೇಲೆ ಹೊಲದ ಸಾಹುಕಾರರು ಹುಲಿಗೆಮ್ಮನಿಗೆ ಹೇಳಿ ಕಳಿಸುತ್ತಾರೆ, ಹುಲಿಗೆಮ್ಮ ಹೆಂಗಸರ ಗುಂಪು ಕಟ್ಟಿಕೊಂಡು ಹೋಗುತ್ತಾಳೆ. ಹಿಂದಿನ ಸುಗ್ಗಿಯ ಜೋಳ ಮುಗಿದು ನಾಟಿ ಕೂಲಿ ಇನ್ನೂ ಶುರುವಾಗದ ತಿಂಗಳದು. ಅಂಥ ತಿಂಗಳನ್ನೇ ಆರಿಸಬೇಕೆಂದು ಮೇಡಂ ಹೇಳಿದ್ದರು. ಅದು ಸರಿಯಾಗಿಯೇ ಇತ್ತು.

ಹುಲಿಗೆಮ್ಮನಿಗೆ ಅರವತ್ತರ ಹತ್ತಿರ. ಬಾಯಲ್ಲಿ ಎಲೆ, ಸೊಂಟದಲ್ಲಿ ಎಲೆಚೀಲ. ನನ್ನನ್ನು ಕಂಡ ಕೂಡಲೇ ಕೇಳಿದ್ದು: “ಕುಟುಂಬ ಯೋಜನಿಯವರೇನ್ರಿ ಬಾಯಾರ? ಆಪರೇಶನ್ ಮಾಡಾಕ ಬಂದಿದ್ರ ಈಗ ಹೇಳಿಬಿಡ್ರಿ. ಹಿಡಕೊಂಡು ಹೋಗಾಕ ಊರಾಗ ಗಂಡಸರ ಇಲ್ಲ.”

“ಅಲ್ರಿ ಯವ್ವಾ. ನಾನು ಓದಾಕಿ. ನೀವು ಏನೇನು ಉಣ್ತೀರಿ ಅಂತ ಬರಕೊಂಡು ಹೋಗ್ತೀನಿ.”

“ಬರಕೊಂಡು?”

“ಓದಾಕ ಬೇಕಾಗ್ತದ.”

ಅವಳು ಎಲೆ ಉಗಿದು ಸೊಸೆಯ ಕಡೆ ತಿರುಗಿದಳು. “ಕೇಳಿದ್ಯೇನ ದುರ್ಗಿ? ಓದಿ ಓದಿ ಕಡೀಗಿ ನಮ್ಮ ಗಡಗಿತನಾ ಬಂದ್ರು ನೋಡು.”

ದುರ್ಗಮ್ಮ ನಕ್ಕಳು. ಅವಳ ಕಂಕುಳಲ್ಲಿ ಎರಡು ವರ್ಷದ ಹೆಣ್ಣುಕೂಸಿತ್ತು, ಹೆಸರು ಈರಮ್ಮ. ಎಲ್ಲರೂ ಈರಿ ಎನ್ನುತ್ತಿದ್ದರು. ಕೂದಲು ಕರಿ ಇರಲಿಲ್ಲ, ತಾಮ್ರದ ಬಣ್ಣಕ್ಕೆ ತಿರುಗಿತ್ತು. ಕೆನ್ನೆ ದುಂಡಗಿದ್ದವು. ಪಾದಗಳೂ ದುಂಡಗಿದ್ದವು. “ಕೂಸು ಮೈ ತುಂಬ್ಯಾದ, ಅಲ್ರೀ?” ಎಂದು ದುರ್ಗಮ್ಮ ಕೇಳಿದಳು. ನಾನು ಈರಿಯ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಒತ್ತಿದಲ್ಲಿ ಕುಳಿ ಹಾಗೇ ಉಳಿಯಿತು.

ಅದು ಮೈ ತುಂಬಿದ್ದಲ್ಲ, ನೀರು ತುಂಬಿದ್ದು. ಹೊಟ್ಟೆಗೆ ಸಾಲದೆ ಬರುವ ಬಾವು. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಇಂಥದೇ ಒಂದು ಮಗುವಿನ ಚಿತ್ರ ಕೊಟ್ಟು ರೋಗದ ಹೆಸರು ಕೇಳಿದ್ದರು. ನಾನು ಸರಿಯಾಗಿ ಬರೆದಿದ್ದೆ. ಇಲ್ಲೂ ಬರೆದೆ. ಆದರೆ ನನ್ನ ನಮೂನೆ ಊಟದ್ದು, ಮೈಯದ್ದಲ್ಲ. ಅದಕ್ಕೆಂದು ಕಾಲಂ ಇರಲಿಲ್ಲ. ಪುಟದ ಅಡಿಯಲ್ಲಿ ಒಂದು ಸಾಲು ಸೇರಿಸಿ ಮುಂದೆ ಹೋದೆ. ದುರ್ಗಮ್ಮನಿಗೆ ಏನು ಹೇಳಿದೆ ಎಂದು ನೆನಪಿಲ್ಲ. ಬಹುಶಃ ಏನೂ ಹೇಳಲಿಲ್ಲ.

ಮೊದಲ ವಾರ ಬರೀ ಪ್ರಶ್ನೆಗಳು. ನಿನ್ನೆ ಮುಂಜಾನೆ ಏನು ಉಂಡಿರಿ, ಮಧ್ಯಾಹ್ನ ಏನು, ರೊಟ್ಟಿ ಎಷ್ಟು. ಎಲ್ಲ ಮನೆಗಳಲ್ಲೂ ರೊಟ್ಟಿ, ಬೇಳೆ, ಪುಂಡಿಪಲ್ಯ. ಒಂದು ಮನೆಯಲ್ಲಿ ಮೊಸರೂ ಇತ್ತು, ಎಮ್ಮೆ ಇರಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡೆ. ಮೇಡಂ ಹೇಳಿದ್ದರು, ಬಾಯಿಮಾತು ಸಾಲದು, ಒಂದು ದಿನವಾದರೂ ತೂಗಬೇಕು. ಅಡುಗೆಗೆ ಕೂಡುವ ಮೊದಲು ಮನೆಯಲ್ಲಿದ್ದ ಹಿಟ್ಟು, ಬೇಳೆ ತೂಗಿ, ಅದು ಎಷ್ಟು ದಿನಕ್ಕೆ ಎಂದು ಕೇಳಿ, ತಲೆಗೆ ಭಾಗಿಸಬೇಕು. ಅಡುಗೆ ಮುಗಿದ ಮೇಲೆ ಹೋದರೆ ಪ್ರಯೋಜನವಿಲ್ಲ. ಆದ್ದರಿಂದ ಹಿಂದಿನ ದಿನವೇ ತಿಳಿಸಿದೆ.

“ನಾಳೆ ಮುಂಜಾನೆ ಬರ್ತೀನ್ರಿ ಯವ್ವಾ. ಹಿಟ್ಟು ತೂಗ್ತೀನಿ.”

“ಮನಿ ಮನೀದೂ?”

“ಮನಿ ಮನೀದೂ.”

ಹುಲಿಗೆಮ್ಮ ಕೇರಿಯ ಮನೆಗಳ ಸಾಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಹೇಳಿದಳು, “ಬರ್ರಿ. ಆದ್ರ ನನ್ನ ಮನಿಯಿಂದ ಸುರು ಮಾಡ್ರಿ. ಒಂದರ ಹಿಂದ ಒಂದು ಹೋಗ್ರಿ. ಇಲ್ಲೊಂದು ಅಲ್ಲೊಂದು ಜಿಗದಾಡಬ್ಯಾಡ್ರಿ, ಹೆಂಗಸರಿಗೆ ಬ್ಯಾಸರಾಗ್ತದ.”

ಮರುದಿನ ಸ್ಪ್ರಿಂಗ್ ತಕ್ಕಡಿ ಹಿಡಿದು ಹೋದೆ. ಹುಲಿಗೆಮ್ಮನ ಮನೆ ಮೊದಲು. ಗಡಿಗೆಯಲ್ಲಿ ಜೋಳದ ಹಿಟ್ಟು ಇತ್ತು, ತೂಗಿದೆ, ಬರೆದೆ. ಬೆಲ್ಲದ ಚಹಾ ಕೊಟ್ಟಳು. ಬೇಡವೆಂದರೂ ಬಿಡಲಿಲ್ಲ. ಎರಡನೆಯ ಮನೆ. ಹಿಟ್ಟು ತೂಗಿದೆ. ಅಲ್ಲೂ ಕೂಡಿಸಿದರು, ನೀರು ಕೊಟ್ಟರು, ನಮ್ಮೂರು, ನಮ್ಮ ತಂದೆ, ಮದುವೆ ಯಾವಾಗ ಎಂದೆಲ್ಲ ಕೇಳಿದರು. ಮೂರನೆಯ ಮನೆಯಲ್ಲೂ ಹಾಗೇ. ತೂಗುವುದು ಬೇಗ ಮುಗಿಯುತ್ತಿತ್ತು, ಏಳುವುದಕ್ಕೆ ತಡವಾಗುತ್ತಿತ್ತು. ಒಳ್ಳೆಯ ಜನ ಎಂದುಕೊಂಡೆ.

ದುರ್ಗಮ್ಮ ಮತ್ತು ಅವಳ ಗಂಡ ಬೇರೆ ಮನೆ ಮಾಡಿದ್ದರು, ಅದು ಹನ್ನೊಂದನೆಯದು. ನಾನು ತಕ್ಕಡಿ ಎತ್ತಿ ಹಿಡಿದಾಗ ಈರಿ ತೆವಳಿ ಬಂದು ಗಡಿಗೆಯ ಅಂಚಿಗೆ ಅಂಟಿದ್ದ ಹಿಟ್ಟನ್ನು ಬೆರಳಿಂದ ತೆಗೆದು ಬಾಯಿಗೆ ಹಾಕಿಕೊಂಡಿತು. ದುರ್ಗಮ್ಮ ಆ ಕೈ ಮೇಲೆ ಹೊಡೆದಳು. ಆ ವಯಸ್ಸಿನ ಕೂಸಿಗೆ ಅಷ್ಟು ಜೋರಾಗಿ ಯಾರೂ ಹೊಡೆಯುವುದಿಲ್ಲ. “ಮುಟ್ಟಬ್ಯಾಡ ಬೇ!” ಎಂದಳು. ಕೂಸು ಅಳಲಿಲ್ಲ, ಬೆರಳು ಚೀಪುತ್ತಾ ಕೂತಿತು. ಸ್ವಚ್ಛತೆಯ ಬಗ್ಗೆ ಎಚ್ಚರವಿರುವ ತಾಯಿ ಎಂದು ನಾನು ತಿಳಿದೆ. ಅದನ್ನೂ ಬರೆದುಕೊಂಡಿದ್ದೇನೆ, ಆ ನೋಟುಬುಕ್ಕು ಇನ್ನೂ ನನ್ನಲ್ಲಿದೆ.

ಅಂಕಿಗಳು ಚೆನ್ನಾಗಿ ಬಂದವು. ತಲೆಗೆ ಬೀಳುವ ಜೋಳ ಪುಸ್ತಕ ಹೇಳುವಷ್ಟಕ್ಕೆ ಹತ್ತಿರವಿತ್ತು. ಮನೆಮನೆಗೆ ದೊಡ್ಡ ಏರುಪೇರು ಇರಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಅನುಮಾನ ಬಂದಿತ್ತು. ಈರಿಯ ಪಾದ ನೋಡಿದವಳಿಗೆ ಈ ಅಂಕಿ ಒಪ್ಪಿಗೆಯಾಗಬಾರದಿತ್ತು. ಆದರೆ ಅಂಕಿಗಳನ್ನು ನಾನೇ ತೂಗಿದ್ದೆ. ಪಾದವನ್ನು ಬರೀ ನೋಡಿದ್ದೆ.

ಶ್ರಾವಣ ಹತ್ತಿರ ಬಂದಾಗ ಕಚೇರಿಯ ಪಟ್ಟಿ ತಯಾರಾಯಿತು. ಊಟದ ಕೇಂದ್ರ ಬೇಕಿಲ್ಲದ ಕೇರಿಗಳ ಹಾಳೆಯಲ್ಲಿ ಮೊದಲ ಹೆಸರು ಆ ಕೇರಿಯದು. ‘ಆಹಾರ ಸೇವನೆ ತೃಪ್ತಿಕರ.’ ಪುಟದ ಅಡಿಯಲ್ಲಿ ನಾನು ಬರೆದಿದ್ದ ಸಾಲನ್ನು ಟೈಪು ಮಾಡುವಾಗ ಬಿಟ್ಟಿದ್ದರು.

ಅಧ್ಯಯನದ ಎರಡನೆಯ ಭಾಗ ನೀರಾವರಿ ಊರಿನದು. ಹೋಲಿಕೆಗೆ ಮಾನ್ವಿ ತಾಲೂಕಿನ ಕಲ್ಲೂರು ಕಡೆ ಹೋದೆ. ಒಂದೇ ಜಿಲ್ಲೆ, ಆದರೆ ಬಸ್ಸಿಂದ ಇಳಿದರೆ ಕಣ್ಣಿಗೆ ಹಸಿರು. ಗದ್ದೆ ತುಂಬ ನೀರು, ಬದುವಿನ ಮೇಲೆ ಸಸಿಯ ಕಟ್ಟುಗಳು. ಒಂದು ಗದ್ದೆಯಲ್ಲಿ ಸಾಲಾಗಿ ಬಾಗಿದ್ದ ಹೆಂಗಸರಲ್ಲಿ ಒಬ್ಬಳು ನೆಟ್ಟಗೆ ನಿಂತು ಕೂಗಿದಳು:

“ಬಾಯಾರ! ಇಲ್ಲೀನೂ ಹಿಟ್ಟು ತೂಗಾಕ ಬಂದ್ರೇನು?”

ಸಾಲಿಗೆ ಸಾಲೇ ನಕ್ಕಿತು. ಆ ಮಾತಿಗೆ ಬೇಕಾದದ್ದಕ್ಕಿಂತ ಹೆಚ್ಚು ನಕ್ಕರು. ಹುಲಿಗೆಮ್ಮನ ಗುಂಪು. ಬದುವಿನ ಮೇಲೆ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಈರಿಯನ್ನು ಮಲಗಿಸಿದ್ದರು.

ಮಧ್ಯಾಹ್ನ ಅವರ ಜೊತೆ ಕೂತೆ. ಗಿರಣಿಯ ನುಚ್ಚಕ್ಕಿ ಬೇಯಿಸಿ ತಂದಿದ್ದರು, ಖಾರಪುಡಿ ಕಲಸಿ ಉಣ್ಣುತ್ತಿದ್ದರು. ಯಾಕೆ ನಕ್ಕಿರಿ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ದುರ್ಗಮ್ಮ ಸೆರಗು ಬಾಯಿಗೆ ಹಿಡಿದು ಹೇಳಿದಳು. ಮುಂದಿನದು ನಾನು ಕಂಡದ್ದಲ್ಲ, ಅವಳು ಹೇಳಿದ್ದು.

“ಅವತ್ತ ಹಿಟ್ಟು ಇದ್ದದ್ದು ನಾಕ ಮನ್ಯಾಗ್ರಿ. ನಸುಕಿನ್ಯಾಗ ನಮ್ಮತ್ತಿ ನಾಕೂ ಮನೀದು ತಂದು ಕೂಡಿಸಿದ್ಲು. ನೀವು ಆಕಿ ಮನ್ಯಾಗ ತೂಗಿ ಚಾ ಕುಡಿಯೂದರಾಗ, ಅರಿವ್ಯಾಗ ಕಟ್ಟಿ ಹಿತ್ತಲಾಗ ದಾಟಿಸಿದ್ರು. ನೀವು ಎರಡನೇ ಮನೀಗಿ ಬರೂದರಾಗ ಹಿಟ್ಟು ಅಲ್ಲಿ ಗಡಗ್ಯಾಗ ಕುಂತಿತ್ತು. ಹಂಗ ಹದಿನಾಕ ಮನಿ ತಿರಗ್ತುರಿ.”

“ನಾನೂ ಒಂದ ಸಲ ಹಿಟ್ಟಿನ ಗಂಟು ಕೊಳ್ಳಿಗಿ ಕಟಗೊಂಡು ಗ್ವಾಡಿ ಜಿಗದೀನಿ,” ಎಂದಳು ಇನ್ನೊಬ್ಬಳು. “ಬಸರಿ ಹೆಂಗಸು ಹೆಂಗ ಜಿಗದ್ಯೋ ಏನೋ!” ಎಂದಳು ಮತ್ತೊಬ್ಬಳು. ಮತ್ತೆ ನಗು.

ನನ್ನ ಚೀಲದಲ್ಲಿ ಆ ದಿನದ ಪಟ್ಟಿಯ ಪ್ರತಿ ಇತ್ತು. ತೆಗೆದು ನೋಡಿದೆ. ಮೊದಲ ಮನೆಯಿಂದ ಕೊನೆಯ ಮನೆಗೆ ಹಿಟ್ಟಿನ ತೂಕ ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಹೋಗಿತ್ತು. ಒಂದೊಂದು ಗಡಿಗೆಗೆ ಅಂಟಿದ್ದು, ಒಂದೊಂದು ಗೋಡೆ ದಾಟುವಾಗ ಚೆಲ್ಲಿದ್ದು. ಎಲ್ಲೂ ಒಮ್ಮೆಯೂ ಏರಿರಲಿಲ್ಲ. ಹದಿನಾಲ್ಕು ಅಂಕಿಗಳು, ನನ್ನ ಕೈಬರಹ. ನೋಡಲು ತಿಳಿದವರಿಗೆ ಅಲ್ಲೇ ಎಲ್ಲ ಇತ್ತು.

“ಯಾಕ ಹಿಂಗ ಮಾಡಿದ್ರಿ?” ಎಂದು ಕೇಳಿದೆ.

ಹುಲಿಗೆಮ್ಮನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಹೆಣ್ಣು ನೋಡಾಕ ಬಂದ ಹೆಂಗಸರು ಏನ್ ಮಾಡ್ತಾರ್ರಿ? ನೀರು ಕುಡಿಯೂ ನೆವ ಮಾಡಿ ಒಳಗ ಬರ್ತಾರ, ಗಡಗಿ ಮುಚ್ಚಳ ತಗದು ನೋಡ್ತಾರ. ಹಿಟ್ಟಿಲ್ಲಂದ್ರ ಎದ್ದು ಹೋಗ್ತಾರ. ಅದಕ ಬೀಗರು ಬರ್ತಾರಂದ್ರ ಕೇರಿ ಹಿಟ್ಟೆಲ್ಲಾ ಆ ಮನೀಗಿ ಹೋಗ್ತದ. ನಮ್ಮತ್ತಿ ಕಾಲದಿಂದ ಹಿಂಗ ಅದ. ನೀವು ಮನಿ ಮನೀದೂ ನೋಡ್ತೀನಿ ಅಂದ್ರಿ. ಮನಿ ಮನೀಗೂ ಕಳಿಸಿದ್ವಿ.”

ಆಗ ಹೇಳಿದೆ. ಕೇಂದ್ರದ ವಿಷಯ, ಮಕ್ಕಳಿಗೆ ದಿನಾ ಒಂದು ಹೊತ್ತಿನ ಊಟದ ವಿಷಯ, ಪಟ್ಟಿಯ ವಿಷಯ. ಈ ಸಲ ಯಾರೂ ನಗಲಿಲ್ಲ. ದುರ್ಗಮ್ಮ ಎದ್ದು ಜೋಲಿಯ ಹತ್ತಿರ ಹೋಗಿ ನಿಂತಳು.

ಹುಲಿಗೆಮ್ಮ ಉಣ್ಣುವುದನ್ನು ನಿಲ್ಲಿಸಿದ್ದಳು. “ಮದಲ ಒಂದ ಮಾತು ಹೇಳಿದ್ರ ಗಡಗಿ ಬೋರಲ ಹಾಕಿ ತೋರಸ್ತಿದ್ವಲ್ರಿ.”

“ಹೇಳಬಾರದು ಅಂತ ಇತ್ತುರಿ ಯವ್ವಾ.”

“ಯಾಕ?”

“ಹೇಳಿದ್ರ ನೀವು ಸುಳ್ಳು ಹೇಳ್ತೀರಿ ಅಂತ.”

ಹುಲಿಗೆಮ್ಮ ತಟ್ಟೆ ಬದಿಗೆ ಸರಿಸಿದಳು. “ಈಗ ಖರೇ ಹೇಳಿದಂಗಾತೇನು?” ಎಂದಳು. ಆಮೇಲೆ ಸ್ವರ ತಗ್ಗಿಸಿ, “ಬರದದ್ದು ಅಳಸಾಕ ಬರ್ತದಲ್ರಿ ಬಾಯಾರ? ನೀವ ಬರದೀರಿ, ನೀವ ಅಳಸ್ರಿ.”

“ಅಳಸ್ತೀನಿ,” ಎಂದೆ.

ಮರುದಿನವೇ ರಾಯಚೂರಿನ ಕಚೇರಿಗೆ ಹೋದೆ. ಅಧಿಕಾರಿ ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು, ನಡುವೆ ಎರಡು ಸಲ ನಕ್ಕರು. “ಹದಿನಾಕ ಮನ್ಯಾಗ ಒಂದ ಹಿಟ್ಟು ತೂಗೀನಿ ಅಂತ ಬರದು ಕೊಡ್ತೀರೇನು? ಕೊಡ್ರಿ, ಕಳಸ್ತೀನಿ. ಮ್ಯಾಲಿನವರು ಹಿಟ್ಟಿನ ಸುದ್ದಿ ಕೇಳೂದಿಲ್ಲರಿ. ಈ ಹುಡುಗೀನ್ನ ಕಳಿಸಿದವರ್ಯಾರು ಅಂತ ಕೇಳ್ತಾರ. ಆಮ್ಯಾಲ ಬರೇ ಒಂದು ಕೇರಿ ಅಲ್ಲ, ನೀವು ಮಾಡಿದ ಎಲ್ಲಾ ಕೇರಿ ಸುಳ್ಳು ಅಂತಾರ. ಕೇಂದ್ರ ಸಿಕ್ಕ ಕೇರಿದೂ ಹೋಗ್ತದ. ವಿಚಾರ ಮಾಡ್ರಿ.” ಕಪಾಟಿನ ಕಡೆ ಕೈ ತೋರಿಸಿ ಸೇರಿಸಿದರು: “ನಿಮ್ಮ ನೇಮಕದ ಫೈಲೂ ಇಲ್ಲೇ ಅದ.”

ಅಲ್ಲಿಂದ ಧಾರವಾಡಕ್ಕೆ ಹೋದೆ. ಮೇಡಂ ಪಟ್ಟಿ ತೆಗೆದು, ಇಳಿಯುವ ಅಂಕಿಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಒಮ್ಮೆ ಎಳೆದರು. ಅವರಿಗೆ ಕೂಡಲೇ ತಿಳಿಯಿತು. ಇದೇ ಪಟ್ಟಿಯನ್ನು ತಿಂಗಳ ಹಿಂದೆ ನೋಡಿ, ಅಚ್ಚುಕಟ್ಟಾಗಿದೆ ಎಂದು ಅವರೇ ರುಜು ಮಾಡಿದ್ದರು. “ಮೌಖಿಕ ಪರೀಕ್ಷೆ ದೀಪಾವಳಿ ಮುಗಿದ ಕೂಡ್ಲೆ ಅದ,” ಎಂದರು. “ಇದನ್ನ ತಗದ್ರ ಪ್ರಬಂಧ ನಿಲ್ಲೂದಿಲ್ಲ. ಇನ್ನೊಂದು ವರ್ಷ ಮತ್ತ ಮಾಡಬೇಕಾಗ್ತದ. ಮಾಡ್ತೀನಿ ಅಂದ್ರ ನಾ ಬ್ಯಾಡ ಅನ್ನೂದಿಲ್ಲ. ನಿನಗ ಬಿಟ್ಟದ್ದು.”

ಈ ಮಾತನ್ನು ಅವರ ಪರವಾಗಿ ಬರೆಯಬೇಕು. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ. ಇಬ್ಬರೂ ಆಯ್ಕೆಯನ್ನು ನನ್ನ ಕೈಗೇ ಕೊಟ್ಟಿದ್ದರು. ಅಧಿಕಾರಿ ಹೇಳಿದ್ದರಲ್ಲಿ ಸ್ವಲ್ಪ ನಿಜವೂ ಇತ್ತು, ಉಳಿದ ಕೇರಿಗಳ ಮಾತು. ಎಷ್ಟೋ ವರ್ಷ ನಾನು ಅದನ್ನೇ ಕಾರಣವೆಂದು ಹೇಳಿಕೊಂಡೆ. ಕಾರಣ ಅದಲ್ಲ. ನನಗೆ ವರ್ಷ ಕಳೆದುಕೊಳ್ಳಲು ಭಯವಿತ್ತು, ಎದುರು ಮನೆಯ ಕಾಕುವಿಗೆ ಏನು ಹೇಳುವುದು ಎಂಬ ನಾಚಿಕೆಯಿತ್ತು. ಪ್ರಬಂಧದ ಕೊನೆಯ ಪುಟದಲ್ಲಿ, ಈ ಅಂಕಿಅಂಶಗಳನ್ನು ನಾನು ಖುದ್ದು ಸಂಗ್ರಹಿಸಿದ್ದು ಎಂದಿತ್ತು. ಅದರ ಕೆಳಗೆ ರುಜು ಮಾಡಿದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ತೂಗುವ ಶ್ರಮವನ್ನು ಹೊಗಳಿದರು. ಮೊದಲ ದರ್ಜೆ ಬಂತು. ರಾಯಚೂರಿನಲ್ಲಿ ತಂದೆ ಪೇಡೆ ಹಂಚಿದರು.

ಆಮೇಲೆ ಎಷ್ಟೋ ವರ್ಷ ಆ ಕೇರಿಗೆ ನಾನು ಹೋಗಲಿಲ್ಲ. ಹುದ್ದೆ ಸಿಕ್ಕ ಮೇಲೂ ಆ ಕಡೆಯ ಪ್ರವಾಸವನ್ನು ಸಹೋದ್ಯೋಗಿಗೆ ಬಿಟ್ಟುಕೊಡುತ್ತಿದ್ದೆ. ಜೊತೆಗೆ ಓದಿದವರಲ್ಲಿ ಒಬ್ಬಳು ಹೈದರಾಬಾದಿನ ಆಸ್ಪತ್ರೆ ಸೇರಿದಳು, ಒಬ್ಬಳು ಪಾಠ ಮಾಡಲು ಹೋದಳು, ಇಬ್ಬರು ಮದುವೆಯಾಗಿ ಇದನ್ನೆಲ್ಲ ಬಿಟ್ಟರು. ನನ್ನ ಕೆಲಸ ಎಲ್ಲರಿಗಿಂತ ಒಳ್ಳೆಯದು ಎಂದು ಅವರೆಲ್ಲ ಬರೆಯುತ್ತಿದ್ದರು: ಹಸಿದ ಮಕ್ಕಳ ನಡುವೆ ಇರುವುದು.

ಎರಡು ವರ್ಷದ ಮೇಲೆ ಹೊಸ ಸಮೀಕ್ಷೆ ಬಂತು. ನನ್ನ ಹಾಗೇ ಓದಿ ಬಂದ ಹುಡುಗಿಯೊಬ್ಬಳು ಆ ಕೇರಿಗೂ ಹೋಗಿ ಬಂದಳು. ಅವಳ ವರದಿ ನನ್ನ ಮೇಜಿಗೆ ಬಂತು. ಕೇರಿಯ ಎಲ್ಲ ಮನೆಗಳಲ್ಲೂ ಗಡಿಗೆಗಳನ್ನು ಬೋರಲು ಹಾಕಿ ಮನೆಯ ಮುಂದೆ ಸಾಲಾಗಿ ಇಟ್ಟಿದ್ದರಂತೆ. ಏನು ಉಂಡಿರಿ ಎಂದರೆ, ಏನೂ ಇಲ್ಲ ಎನ್ನುತ್ತಿದ್ದರಂತೆ. ಅವಳ ಷರಾ ಹೀಗಿತ್ತು: ‘ಇಲ್ಲಿಯ ಜನ ಸೌಲಭ್ಯದ ಆಸೆಯಿಂದ ನಿಜ ಮುಚ್ಚಿಡುತ್ತಿರುವಂತೆ ತೋರುತ್ತದೆ. ಹಿಂದಿನ ಅಧ್ಯಯನದಲ್ಲಿ ತೂಗಿ ಪಡೆದ ಅಂಕಿಗಳಿಗೆ ಇದು ಹೊಂದುವುದಿಲ್ಲ.’ ಕೆಳಗೆ ನನ್ನ ಪ್ರಬಂಧದ ಹೆಸರು.

ಆ ದಿನ ಮಧ್ಯಾಹ್ನ ಕೂತು ಎಲ್ಲವನ್ನೂ ಬರೆದೆ. ಹದಿನಾಲ್ಕು ಮನೆ, ಒಂದು ಹಿಟ್ಟು, ನನಗೆ ತಿಳಿದದ್ದು ಯಾವಾಗ, ತಿಳಿದ ಮೇಲೆ ಏನು ಮಾಡಿದೆ. ರುಜು ಹಾಕಿ ಮೇಲಕ್ಕೆ ಕಳಿಸಿದೆ. ತಿಂಗಳ ನಂತರ ಫೈಲು ಒಂದು ಪ್ರಶ್ನೆಯೊಂದಿಗೆ ವಾಪಸು ಬಂತು: ಸದರಿ ಅಧಿಕಾರಿಯ ಎರಡು ಹೇಳಿಕೆಗಳಲ್ಲಿ ಯಾವುದನ್ನು ನಂಬಬೇಕು? ಎರಡನೆಯದನ್ನು ಎಂದು ಬರೆದೆ. ಉತ್ತರ ಬರಲಿಲ್ಲ. ನನಗೆ ಕಚೇರಿಯೊಳಗಿನ ಕೆಲಸ ಕೊಟ್ಟರು, ದಾಸ್ತಾನು, ರಸೀದಿ. ಆ ವರ್ಷವೂ ಕೇರಿಯ ಹೆಸರು ಬೇಕಿಲ್ಲದವರ ಹಾಳೆಯಲ್ಲೇ ಉಳಿಯಿತು. ಮುಂದಿನ ಬೇಸಿಗೆಯಲ್ಲಿ ರಾಜೀನಾಮೆ ಕೊಟ್ಟೆ.

ಪತ್ರಿಕೆಯಲ್ಲಿ ಕೆಲಸ ಸಿಕ್ಕಿದ್ದು, ಅಂಕಿಪಟ್ಟಿ ಓದಿ ಸುದ್ದಿ ಮಾಡಬಲ್ಲವಳು ಎಂಬ ಕಾರಣಕ್ಕೆ. ಅಲ್ಲಿ ಮೊದಲ ದಿನ ಕಲಿಸಿದ್ದು, ಯಾರು ಹೇಳಿದರು ಎಂದು ಹಾಕದೆ ಒಂದು ಸಾಲೂ ಬಿಡಬೇಡ ಎಂದು. ಅದನ್ನು ವಿಶ್ವವಿದ್ಯಾಲಯದಲ್ಲಿ ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೂ ನಾನು ಕಲಿಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಹಿಟ್ಟು ತೂಗಿದ ಆ ಮಳೆಗಾಲ ಕಳೆದು ಆರು ವರ್ಷವಾದ ಮೇಲೆ ಒಂದು ಪ್ರಕಟಣೆ ಬಂತು. ದೇವದುರ್ಗ ತಾಲೂಕಿನ ಕೆಲವು ಕೇರಿಗಳಲ್ಲಿ ಮಕ್ಕಳ ಊಟದ ಕೇಂದ್ರ ತೆರೆಯುತ್ತಾರೆ. ಪಟ್ಟಿಯಲ್ಲಿ ಆ ಹೆಸರಿತ್ತು. ನನ್ನ ಎರಡನೆಯ ಹೇಳಿಕೆಗೂ ಇದಕ್ಕೂ ಸಂಬಂಧವಿರಲಿಲ್ಲ. ಎಲ್ಲ ಕೇರಿಗಳಿಗೂ ಕೊಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ವರದಿಗೆ ನಾನೇ ಹೋಗುತ್ತೇನೆ ಎಂದೆ.

ಗುಡಿಯ ಪಕ್ಕದ ಒಂದು ಕೋಣೆಗೆ ಸುಣ್ಣ ಹೊಡೆದಿದ್ದರು. ಕಾರ್ಯಕರ್ತೆ ಬೇರೆ ಊರಿನ ಹುಡುಗಿ. ಬಾಗಿಲಲ್ಲಿ ರಿಜಿಸ್ಟರು ಇಟ್ಟುಕೊಂಡು ಹೆಸರು, ವಯಸ್ಸು ಬರೆದುಕೊಳ್ಳುತ್ತಿದ್ದಳು. ಆರು ತುಂಬಿದವರನ್ನು ವಾಪಸು ಕಳಿಸುತ್ತಿದ್ದಳು. ಹುಲಿಗೆಮ್ಮ ಸಾಲಿನಲ್ಲಿದ್ದಳು. ಬೆನ್ನು ಬಾಗಿತ್ತು. ಪಕ್ಕದಲ್ಲಿ ದುರ್ಗಮ್ಮ, ಅವಳ ಕೈ ಹಿಡಿದು ಒಂದು ಹೆಣ್ಣುಮಗು. ತಾಮ್ರದ ಕೂದಲು ಕಂಡು ಗುರುತು ಹಿಡಿದೆ. ಬಾವು ಯಾವಾಗಲೋ ಇಳಿದಿತ್ತು. ಹುಲಿಗೆಮ್ಮ ನನ್ನನ್ನು ಕಂಡಳು. ನಮಸ್ಕಾರ ಎನ್ನಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

“ಹೆಸರೇನ್ರಿ ಯವ್ವಾ?” ಎಂದು ಕಾರ್ಯಕರ್ತೆ ಕೇಳಿದಳು.

“ಈರಮ್ಮ.”

“ವಯಸ್ಸು?”

ದುರ್ಗಮ್ಮ ಅತ್ತೆಯ ಮುಖ ನೋಡಿದಳು. ಈರಿಗೆ ಎಂಟಾಗಿತ್ತು. ಅದು ಅಲ್ಲಿದ್ದ ಮೂವರಿಗೆ ಗೊತ್ತಿತ್ತು.

“ಐದು,” ಎಂದಳು ಹುಲಿಗೆಮ್ಮ. ಹೇಳುವಾಗ ನೋಡಿದ್ದು ಕಾರ್ಯಕರ್ತೆಯನ್ನಲ್ಲ, ನನ್ನನ್ನು. ನನ್ನ ಕೈಯಲ್ಲಿ ಪೆನ್ನಿತ್ತು. ನಾನು ಅದರ ಮುಚ್ಚಳ ಹಾಕಿದೆ.

ಕಾರ್ಯಕರ್ತೆ ಈರಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಬೇರೆಯವರನ್ನು ಎಷ್ಟೋ ಪ್ರಶ್ನೆ ಕೇಳಿದ್ದಳು, ಈ ಮಗುವಿನ ವಿಷಯದಲ್ಲಿ ಕೇಳಬೇಕೆನಿಸಲಿಲ್ಲ. ಐದು ಎಂದು ಬರೆದುಕೊಂಡು ಒಳಗೆ ಕಳಿಸಿದಳು. ಈರಿ ತಟ್ಟೆ ಹಿಡಿದು ಹೋಗಿ ಐದು ವರ್ಷದ ಮಕ್ಕಳ ಸಾಲಿನ ನಡುವೆ ಕೂತಳು. ಅವಳ ತಲೆ ಆ ಸಾಲಿನಲ್ಲಿ ಯಾರ ತಲೆಗಿಂತಲೂ ಮೇಲೆ ಕಾಣಲಿಲ್ಲ.